ಸುಲಿದ ಅಡಿಕೆಯ ಜುಟ್ಟು

ಮೊದಲ ವರ್ಷ ನಾನು ಸುಲಿದ ಅಡಿಕೆಯನ್ನು ನಮ್ಮ ಮನೆಯಲ್ಲಿ ಯಾರು ಬೇಕಾದರೂ ಗುರುತಿಸುತ್ತಿದ್ದರು. ಸಿಪ್ಪೆ ಪೂರ್ತಿ ಬಿಡದೆ ತೊಟ್ಟಿನ ಕಡೆ ನಾಲ್ಕೈದು ನಾರು ಅಂಟಿಕೊಂಡೇ ಉಳಿಯುತ್ತಿತ್ತು. ಕೆರೆಯಾಚೆಯ ಮನೆಯಿಂದ ಸುಲಿಯಲು ಬರುವ ಅಜ್ಜಿ ಬುಟ್ಟಿಯೊಳಗೆ ಕೈ ಹಾಕಿ ಅಂಥದ್ದೊಂದನ್ನು ಎತ್ತಿ, "ಇದು ತಂಗೀದು, ಜುಟ್ಟು ಬಿಟ್ಟದೆ" ಎನ್ನುತ್ತಿದ್ದರು. ಅವರಿಗೂ ಮನೆಯವರಿಗೂ ನಾನು ತಂಗಿ. ಅವರ ದನಿಯಲ್ಲಿ ಬೈಗುಳವಿರುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ನಿಂತ ಕರುವನ್ನು ನೋಡಿ ಅದು ಯಾವ ಹಸುವಿನದು ಎಂದು ಹೇಳುವಷ್ಟೇ ಸಹಜವಾಗಿ ಅವರು ಅದನ್ನು ಹೇಳುತ್ತಿದ್ದರು. ಆದರೆ ನನಗೆ ಆ ಮಾತು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ನಾನು ಮಾಡಿದ ಕೆಲಸವನ್ನು ನೋಡಿ, ಹೆಸರು ಓದದೆ, ಇದು ಇವಳದ್ದೇ ಎಂದು ಒಬ್ಬರು ಹೇಳಿ ಹದಿನೈದು ವರ್ಷಗಳಾದರೂ ಆಗಿದ್ದವು.

2002ರಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ನಾನು ಸೇರಿದಾಗ ಅಲ್ಲಿ ಇನ್ನೂ ದೊಡ್ಡ ದೊಡ್ಡ ಲೆಡ್ಜರ್ ಪುಸ್ತಕಗಳಿದ್ದವು. ನಾನು ಬರೆಯುವ ಏಳು ಎಂಬ ಅಂಕಿಯ ನಡುವೆ ಒಂದು ಸಣ್ಣ ಅಡ್ಡಗೆರೆ ಇರುತ್ತಿತ್ತು. ಅದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರರಿಂದ ಬಂದ ರೂಢಿ. ಆ ಗೆರೆಯನ್ನು ನೋಡಿ ಹಿರಿಯ ಗುಮಾಸ್ತರು ಪುಟ ನನ್ನದೆಂದು ತಿಳಿಯುತ್ತಿದ್ದರು, ತಪ್ಪಿದ್ದರೆ ನೇರವಾಗಿ ನನ್ನ ಮೇಜಿಗೇ ಬರುತ್ತಿದ್ದರು. ಕೆಲವು ವರ್ಷಗಳಲ್ಲಿ ಪುಸ್ತಕಗಳು ಹೋಗಿ ಎಲ್ಲವೂ ಕಂಪ್ಯೂಟರಿಗೆ ಬಂತು. ಯಾರು ನಮೂದಿಸಿದರೂ ಒಕ್ಕಣೆ ಒಂದೇ ಥರ ಇರಬೇಕು, ಯಾರು ರಜೆ ಹಾಕಿದರೂ ಕೆಲಸ ನಿಲ್ಲಬಾರದು ಎಂಬ ನಿಯಮ ಬಂತು. ಆ ನಿಯಮವನ್ನು ನಾನು ಇಂದಿಗೂ ತಪ್ಪೆನ್ನುವುದಿಲ್ಲ. ಹಣದ ಲೆಕ್ಕ ಒಬ್ಬರ ಕೈಬರಹದ ಮೇಲೆ, ಒಬ್ಬರ ನೆನಪಿನ ಮೇಲೆ ನಿಲ್ಲಬಾರದು. ನನ್ನ ಕೆಲಸದಲ್ಲಿ ನಾನು ಕಾಣಿಸದಷ್ಟು ಚೊಕ್ಕವಾಗಿ ಕೆಲಸ ಮಾಡಬೇಕೆಂದು ನಾನೇ ಶ್ರಮಪಟ್ಟೆ, ಅದನ್ನು ಸಾಧಿಸಿದೆ ಕೂಡ.

ಅದರ ಪೂರ್ತಿ ಅರ್ಥ ನನಗೆ ತಿಳಿದದ್ದು ಕೆಲಸ ಬಿಟ್ಟ ಮೇಲೆ. 2021ರ ಮೇ ತಿಂಗಳ ಕೊನೆಯ ದಿನ ಗುರುತಿನ ಚೀಟಿಯನ್ನೂ ಬೀಗದ ಕೈಗಳನ್ನೂ ಒಪ್ಪಿಸಿ ಬಂದೆ. ಆರು ವಾರಗಳ ನಂತರ, ಭವಿಷ್ಯನಿಧಿಯ ಒಂದು ಕಾಗದಕ್ಕಾಗಿ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದಾಗ, ನನ್ನ ಜಾಗಕ್ಕೆ ಬಂದ ಹುಡುಗನಿಗೆ ಹೊಸ ಲಾಗಿನ್ ಇನ್ನೂ ಆಗಿಲ್ಲ, ಅವನು ನನ್ನ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದಾನೆ ಎಂದು ಆಕೆ ಹೇಳಿದರು. ಜೂನ್ ತಿಂಗಳ ಎಲ್ಲ ತಃಖ್ತೆಗಳ ಕೆಳಗೂ, ಸಿದ್ಧಪಡಿಸಿದವರು ಎಂಬಲ್ಲಿ, ನನ್ನ ಹೆಸರೇ ಇತ್ತು. "ಏನೂ ತೊಂದರೆ ಆಗಿಲ್ಲ ಬಿಡಿ, ಯಾರಿಗೂ ಗೊತ್ತೇ ಆಗಿಲ್ಲ" ಎಂದು ನನಗೆ ಸಮಾಧಾನವಾಗಲೆಂದೇ ಅವರು ಹೇಳಿದ್ದು. ಆಗ ನಾನು ಇಲ್ಲಿ ಊರಿನ ಮನೆಯ ಹೊಳ್ಳಿಯ, ಅಂದರೆ ಹೊರಜಗಲಿಯ, ಕಟ್ಟೆಯ ಮೇಲೆ ಕುಳಿತಿದ್ದೆ, ಎದುರಿಗೆ ಅಂಗಳದಲ್ಲಿ ಮಳೆ ಹೊಯ್ಯುತ್ತಿತ್ತು. ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ಏಳಲಾಗಲಿಲ್ಲ. ನಾನಿಲ್ಲದೆ ಕೆಲಸ ನಡೆಯಿತು ಎಂಬುದಕ್ಕೆ ದುಃಖವಾಗಲಿಲ್ಲ, ಅದು ನಡೆಯಲೇಬೇಕು. ನನ್ನ ಹೆಸರು ಅಲ್ಲಿ ಹತ್ತೊಂಬತ್ತು ವರ್ಷವೂ ನನ್ನನ್ನು ಸೂಚಿಸುತ್ತಿತ್ತೇ, ಅಥವಾ ಆ ಕುರ್ಚಿಯನ್ನು ಸೂಚಿಸುತ್ತಿತ್ತೇ ಎಂಬ ಪ್ರಶ್ನೆ ಎದ್ದಿತು, ಅದಕ್ಕೆ ಉತ್ತರ ಸಿಗಲಿಲ್ಲ.

ನಾನು ಊರಿಗೆ ಬಂದದ್ದು ಇಂಥ ಪ್ರಶ್ನೆಗಳನ್ನು ಕೇಳಿಕೊಳ್ಳುವುದಕ್ಕಲ್ಲ. ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಮನೆ, ಮನೆಯ ಕೆಳಗೆ ಎರಡು ಎಕರೆಯಷ್ಟು ತೋಟ, ಹಿಂದೆ ಸೊಪ್ಪಿನ ಬೆಟ್ಟ. ಅಪ್ಪನಿಗೆ ಗ್ಲಾಕೋಮಾ. ಆ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೆ. ಆಯಿ, ಅಂದರೆ ನನ್ನ ಅಮ್ಮ, ಒಬ್ಬರೇ ಅಡಿಕೆ ಕೊಯ್ಲಿನ ಕಾಲವನ್ನು ನಿಭಾಯಿಸುವುದು ಆಗದ ಮಾತಾಗಿತ್ತು. ಮದುವೆಯಾಗದ ಮಗಳು ಕೆಲಸ ಬಿಟ್ಟು ಬಂದಳೆಂದರೆ ಊರಿನಲ್ಲಿ "ಅದ್ಕೆ ಎಂತಾ ಆತಡ?" (ಅವಳಿಗೆ ಏನಾಯಿತಂತೆ?) ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಿದರು. ಅವರಿಗೆ ಅಪ್ಪನೇ, "ಎಂತದೂ ಆಜಿಲ್ಲೆ, ತೋಟ ನೋಡಲೆ ಬಂಜು" (ಏನೂ ಆಗಿಲ್ಲ, ತೋಟ ನೋಡಲು ಬಂದಿದ್ದಾಳೆ) ಎಂದು ಹೇಳಿದ್ದರಿಂದ ನನಗೆ ಉತ್ತರ ಕೊಡುವ ಕಷ್ಟ ತಪ್ಪಿತು.

ಮಳೆಗಾಲದ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾಲು ಕಡಿಮೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು. ಇದು ಲೆಕ್ಕದ ಕೆಲಸವಾದ್ದರಿಂದ ನನಗೆ ಬೇಗ ಒಗ್ಗಿತು. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಒಂದಕ್ಕೊಂದು ಸೇರಿಸಿದಾಗ ಬರುವ ಆ ತಿಳಿನೀಲಿ ಬಣ್ಣ ಸರಿಯಿದೆಯೇ ಎಂದು ಅಪ್ಪನಿಗೆ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಬಣ್ಣವನ್ನು ಬಾಯಿಮಾತಿನಲ್ಲಿ ವರ್ಣಿಸಬೇಕಾಗುತ್ತಿತ್ತು. ಮಳೆ ಬಿಟ್ಟ ಎಡೆಯಲ್ಲಿ ಮರವೇರಿ ಹೊಡೆಯುವವನು ಕೊನೆಗೌಡ. ಕಾರ್ತಿಕ ಕಳೆದ ಮೇಲೆ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯಲು ಬರುವವನೂ ಅವನೇ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುತ್ತ, ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದವರು ಅದು ನೆಲಕ್ಕೆ ಬಡಿದು ಉದುರದಂತೆ ನೋಡಿಕೊಳ್ಳಬೇಕು. ನಾನು ಹಗ್ಗ ಹಿಡಿದೆ. ಅಂಗೈ ಸುಟ್ಟಿತು, ಎರಡು ವಾರಕ್ಕೆ ಗಟ್ಟಿಯಾಯಿತು.

ಕೆಂಪಡಿಕೆಗೆ ಬೇಕಾದದ್ದು ಬಲಿತಿದ್ದರೂ ಹಣ್ಣಾಗದ ಹಸಿರು ಕಾಯಿ. ಹಗಲು ಕೊಯ್ದದ್ದನ್ನು ರಾತ್ರಿಯೇ ಸುಲಿಯಬೇಕು, ಮರುದಿನ ಬೇಯಿಸಬೇಕು. ಆದ್ದರಿಂದ ಆ ಎರಡು ತಿಂಗಳು ನಮ್ಮ ಹೊಳ್ಳಿಯಲ್ಲಿ ರಾತ್ರಿ ಹನ್ನೊಂದರವರೆಗೂ ದೀಪ ಉರಿಯುತ್ತದೆ. ಮರದ ಮಣೆಗೆ ನೆಟ್ಟಗೆ ಕೂರಿಸಿದ ಮೆಟ್ಟುಗತ್ತಿ ಸುಲಿಯುವವರ ಸಾಧನ. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಕಾಯಿಯನ್ನು ಅಲಗಿನ ಮೇಲೆ ಒಮ್ಮೆ ಊರಿ, ಮೀಟಿ, ಮತ್ತೆ ತಿರುಗಿಸಿ ಊರಿದರೆ ಸಿಪ್ಪೆ ಎರಡು ಹೋಳಾಗಿ ಬಿಚ್ಚಿ ಒಳಗಿನ ಅಡಿಕೆ ಬುಟ್ಟಿಗೆ ಬೀಳುತ್ತದೆ. ಬರೆಯುವುದಕ್ಕೆ ಇಷ್ಟು ಹೊತ್ತು ಬೇಕಾಯಿತು, ಅಜ್ಜಿಗೆ ಬೇಕಾಗುವುದು ಒಂದು ಉಸಿರಿನ ಹೊತ್ತು. ಅವರು ಮೂರು ಡಬ್ಬ ತುಂಬಿಸುವಷ್ಟರಲ್ಲಿ ನನ್ನದು ಅರ್ಧ ಡಬ್ಬವಾಗುತ್ತಿತ್ತು.

ನನ್ನ ತಪ್ಪು ಎಲ್ಲಿದೆ ಎಂದು ಅಜ್ಜಿ ನಾಲ್ಕನೆಯ ರಾತ್ರಿ ಹೇಳಿದರು. ನಾನು ಕತ್ತಿಯ ಕಡೆಗೆ ಬಗ್ಗಿ, ಕಾಯಿಯನ್ನು ಭದ್ರವಾಗಿ ಹಿಡಿದು, ಅಲಗು ಎಲ್ಲಿಗೆ ತಾಗುತ್ತದೆಂದು ಪ್ರತಿ ಸಲವೂ ನೋಡುತ್ತಿದ್ದೆ. "ಕತ್ತಿಗೆ ಕಾಯಿ ಕೊಡ್ಬೇಕು ತಂಗಿ, ಕಾಯಿಗೆ ಕತ್ತಿ ಕೊಡೂದಲ್ಲ" ಎಂದರು. ಅರ್ಥವಾಗಲಿಲ್ಲ. ಅವರು ನನ್ನ ಹಿಂದೆ ಕುಳಿತು, ನನ್ನ ಬಲಗೈಯ ಮೇಲೆ ತಮ್ಮ ಕೈಯಿಟ್ಟು ಹತ್ತು ಕಾಯಿ ಸುಲಿಸಿದರು. ಆ ಕೈಯ ಹೆಬ್ಬೆರಳಿನ ಉಗುರಿನ ಬದಿ ಅಡಿಕೆಯ ಕರೆಯಿಂದ ಕಪ್ಪಾಗಿತ್ತು, ತೋರುಬೆರಳ ಪಕ್ಕದಲ್ಲಿ ಹುಣಸೆಬೀಜದಷ್ಟು ಜಡ್ಡು ಕಟ್ಟಿತ್ತು. ಸಿಪ್ಪೆ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂಬುದನ್ನು ಅವರ ಬೆರಳು ಮೊದಲೇ ತಿಳಿದುಕೊಂಡು, ಕಾಯಿಯನ್ನು ಅದರಂತೆ ತಿರುಗಿಸಿಯೇ ಅಲಗಿಗೆ ಒಪ್ಪಿಸುತ್ತಿತ್ತು. ಕಣ್ಣಿಗೆ ಅಲ್ಲಿ ಕೆಲಸವಿರಲಿಲ್ಲ. ಹತ್ತೊಂಬತ್ತು ವರ್ಷ ಕಣ್ಣಿನಿಂದಲೇ ದುಡಿದ ನನಗೆ ಕಣ್ಣನ್ನು ಸುಮ್ಮನಿರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಒಟ್ಟಿಗೆ ಕುಳಿತು ಒಂದೇ ಕತ್ತಿ, ಒಂದೇ ಕಾಯಿ, ಒಂದೇ ಚಲನೆಯಲ್ಲಿ ಸುಲಿದರೂ ಒಬ್ಬೊಬ್ಬರ ಮುಂದೆ ಬೀಳುವ ಸಿಪ್ಪೆಯ ರಾಶಿ ಬೇರೆ ಬೇರೆಯಾಗಿರುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ಅಪ್ಪ. ಬೆಳಿಗ್ಗೆ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಸಾಗಿಸುವ ಮೊದಲು ಅವರು ಗೋಡೆ ಹಿಡಿದು ಹೊಳ್ಳಿಗೆ ಬರುತ್ತಿದ್ದರು. ಬಗ್ಗಿ ಒಂದು ಹಿಡಿ ಸಿಪ್ಪೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ, ಇಲ್ಲಿ ಅಜ್ಜಿ ಕುಳಿತಿದ್ದಳು, ಇಲ್ಲಿ ಅವಳ ಸೊಸೆ, ಇಲ್ಲಿ ನೀನು ಎಂದು ಹೇಳುತ್ತಿದ್ದರು. ಅಜ್ಜಿಯ ಸಿಪ್ಪೆ ದೋಣಿಯಂತೆ ಎರಡು ಸಮನಾದ ಹೋಳು. ಸೊಸೆಯದು ಒಂದು ದೊಡ್ಡದು, ಒಂದು ಚಿಕ್ಕದು, ಏಕೆಂದರೆ ಅವಳು ಬೇಗ ಮುಗಿಸಲು ಮೊದಲ ಏಟಿನಲ್ಲೇ ಹೆಚ್ಚು ತೆಗೆಯುತ್ತಾಳೆ. ನನ್ನದು ಸೀಳು ಸೀಳು. ಆಫೀಸಿನಲ್ಲಿ ಯಾರಿಗೂ ಗೊತ್ತಾಗದಂತೆ ನನ್ನನ್ನು ಅಳಿಸಿಕೊಂಡಿದ್ದೆ. ಇಲ್ಲಿ ಕಣ್ಣು ಕಾಣದವರೂ ಒಂದು ಹಿಡಿ ಕಸದಲ್ಲಿ ನನ್ನನ್ನು ಓದುತ್ತಿದ್ದರು.

ಬೇಯಿಸುವ ಕೆಲಸವನ್ನು ಅಪ್ಪ ಯಾರಿಗೂ ಬಿಟ್ಟುಕೊಟ್ಟವರಲ್ಲ. ತಾಮ್ರದ ಹಂಡೆಯಲ್ಲಿ ನೀರು, ಅದಕ್ಕೆ ಹಿಂದಿನ ಬೇಯಿಕೆಯಿಂದ ಉಳಿದ ಚೊಗರು, ಅದರಲ್ಲಿ ಸುಲಿದ ಅಡಿಕೆ. ಚೊಗರು ಹೆಚ್ಚಾದರೆ ಅಡಿಕೆ ಕಪ್ಪಾಗುತ್ತದೆ, ಕಡಿಮೆಯಾದರೆ ಬಣ್ಣ ಏರುವುದಿಲ್ಲ. ಬೆಂದದ್ದನ್ನು ತಿಳಿಯಲು ಸಟ್ಟುಗದಲ್ಲಿ ಒಂದನ್ನು ಎತ್ತಿ ಕೊಯ್ದು ನೋಡುವುದು ರೂಢಿ. ಅದು ಆಗದೆ ಹೋದ ಮೇಲೆ ಅಪ್ಪ ಒಲೆಯ ಪಕ್ಕದಲ್ಲಿ ಮುಖವನ್ನು ಸ್ವಲ್ಪ ಓರೆಯಾಗಿಸಿ ಕುಳಿತು ಹಬೆಯ ವಾಸನೆಯನ್ನೂ ಕುದಿಯ ಸದ್ದನ್ನೂ ಕೇಳಿಸಿಕೊಳ್ಳುತ್ತಿದ್ದರು. "ಬೇಯ್ಸದು ಮೂಗಿನ ಕೆಲ್ಸ" ಎಂದು ನನಗೆ ಹೇಳಿದರು. ಎಷ್ಟು ಹೊತ್ತು, ಎಷ್ಟು ಲೀಟರು ಎಂದು ನಾನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಅಪ್ಪ ಬೇಡ ಎನ್ನಲಿಲ್ಲ, ಬರೆದದ್ದನ್ನು ಓದಿಸಿ ಕೇಳಿದರು. ಆದರೆ ಪ್ರತಿ ಹಂಡೆಗೂ ಅಂಕಿಗಳು ಬೇರೆಯಾಗುತ್ತಿದ್ದವು. ಕಾಯಿ ಎಳೆಯದೋ ಬಲಿತದ್ದೋ, ಕಟ್ಟಿಗೆ ಒಣಗಿದ್ದೋ ಹಸಿಯೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಡಿಸೆಂಬರಿನಲ್ಲಿ ಒಂದು ವಾರ ಮೋಡ ಕವಿಯಿತು. ಬಿಸಿಲಿಗೆಂದು ಹೊರಗೆ ಕಟ್ಟಿದ ಅಟ್ಟದ ಮೇಲೆ ತಟ್ಟಿಯಲ್ಲಿ ಹರಡಿದ ಅಡಿಕೆ ಒಣಗಲಿಲ್ಲ. ಮೂರನೆಯ ದಿನ ಅದನ್ನು ಒಳಗೆ ತಂದು ಒಲೆಯ ಹೊಗೆಗಾದರೂ ಹಾಕಬೇಕಿತ್ತು. ನಾಳೆ ಬಿಸಿಲು ಬರುತ್ತದೆಂದು ಫೋನಿನಲ್ಲಿ ನೋಡಿ, ಆಯಿಯ ಮಾತು ಕೇಳದೆ, ನಾನು ಹಾಗೇ ಬಿಟ್ಟೆ. ಬೂಷ್ಟು ಬಂತು. ಎರಡು ಚೀಲದಷ್ಟು ಅಡಿಕೆಯ ದರ್ಜೆ ಇಳಿಯಿತು. ಆ ನಷ್ಟವನ್ನು ಹಂಚಿಕೊಳ್ಳಲು ಅಲ್ಲಿ ಇನ್ನೊಂದು ವಿಭಾಗವಿರಲಿಲ್ಲ, ವಿವರಣೆ ಕೇಳುವ ಪತ್ರವೂ ಬರಲಿಲ್ಲ. ಆಯಿ ಬೂಷ್ಟು ಹಿಡಿದದ್ದನ್ನು ಒರೆಸಿ ಬೇರೆ ಮಾಡಲು ಕುಳಿತರು, ನಾನೂ ಪಕ್ಕದಲ್ಲಿ ಕುಳಿತೆ. ಇದು ನನ್ನಿಂದ ಆಯಿತು ಎಂದು ಗಟ್ಟಿಯಾಗಿ ಹೇಳಿದೆ. ಹಾಗೆ ಹೇಳಲು ಸಾಧ್ಯವಾಯಿತೆಂಬುದೇ ನನಗೆ ಒಂದು ಬಗೆಯ ನೆಮ್ಮದಿಯನ್ನು ಕೊಟ್ಟಿತು. ಆ ನೆಮ್ಮದಿಯನ್ನು ಎರಡು ಚೀಲ ಹಾಳಾದ ಹೊತ್ತಿನಲ್ಲಿ ಯಾರಿಗೂ ತಿಳಿಸಲಾರದೆ ಹೋದೆ.

ಜನವರಿಯಲ್ಲಿ ಮೊದಲ ಚೀಲಗಳನ್ನು ಶಿರಸಿಗೆ ಒಯ್ದೆವು. ನಮ್ಮ ಕಡೆಯ ಬೆಳೆಗಾರರಿಗೆ 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಒಂದು ಹೆಸರಷ್ಟೇ ಅಲ್ಲ, ಮದುವೆಗೂ ಮನೆ ಕಟ್ಟುವುದಕ್ಕೂ ಮೊದಲು ಹೋಗುವ ಬಾಗಿಲು. ಅಲ್ಲಿನ ಅಂಗಳದಲ್ಲಿ ಒಬ್ಬೊಬ್ಬರ ಅಡಿಕೆಯನ್ನು ಬೇರೆ ಬೇರೆಯಾಗಿ ಸುರಿಯುತ್ತಾರೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ದರ್ಜೆಗಳು. ವ್ಯಾಪಾರಿಗಳು ಸುತ್ತು ಬರುತ್ತಾರೆ, ಒಂದು ಹಿಡಿ ಎತ್ತಿ ಅಂಗೈಯಲ್ಲಿ ಅಲುಗಿಸುತ್ತಾರೆ, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ, ಟೆಂಡರಿನ ಚೀಟಿಯಲ್ಲಿ ದರ ಬರೆಯುತ್ತಾರೆ. ನಮ್ಮ ರಾಶಿಯ ಮುಂದೆ ಒಬ್ಬರು ಸ್ವಲ್ಪ ಹೆಚ್ಚು ಹೊತ್ತು ನಿಂತರು. ಅವರ ಅಂಗೈಯಲ್ಲಿ ಎಂಟು ಹತ್ತು ಅಡಿಕೆಗಳಿದ್ದವು, ಅವುಗಳಲ್ಲಿ ಒಂದಕ್ಕೆ ತೊಟ್ಟಿನ ಕಡೆ ಸಣ್ಣ ಜುಟ್ಟಿತ್ತು. ಅವರು ಅದನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಮತ್ತೆ ರಾಶಿಗೆ ಹಾಕಿ ಮುಂದೆ ಹೋದರು. ಮಧ್ಯಾಹ್ನ ದರ ಗೊತ್ತಾಯಿತು. ಸಂಜೆಯೊಳಗೆ ನಮ್ಮ ಅಡಿಕೆ ಬೇರೆಯವರದ್ದರೊಡನೆ ಗೋದಾಮಿನಲ್ಲಿ ಸೇರಿ, ಯಾರದೂ ಅಲ್ಲದ ಒಂದು ದೊಡ್ಡ ರಾಶಿಯ ಪಾಲಾಯಿತು.

ಆ ದಿನ ಬಸ್ಸಿನಲ್ಲಿ ಮರಳುವಾಗ ನನಗೆ ಹುಬ್ಬಳ್ಳಿಯ ಆ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ಹೊಳ್ಳಿಯಿಂದ ಮಾರುಕಟ್ಟೆಯ ಅಂಗಳದವರೆಗೆ ನನ್ನ ಕೆಲಸ ನನ್ನದು, ಅಲ್ಲಿಂದಾಚೆ ಅದು ಕುರ್ಚಿಯ ಕೆಲಸದಂತೆಯೇ ಹೆಸರಿಲ್ಲದ್ದು. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತು ದೊರೆತಾಗ ಹುಬ್ಬಳ್ಳಿಯಲ್ಲಿದ್ದ ನನಗೆ ಹೆಮ್ಮೆಯಾಗಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಣ್ಣಿಗೆ ಸಂದ ಮಾನ್ಯತೆ ಅದು. ನೆಲಕ್ಕೆ ಗುರುತು ಸಿಗಬಹುದು, ಸುಲಿದ ಕೈಗೆ ಸಿಗುವುದಿಲ್ಲ. ಸಿಗಬೇಕೆಂದು ಈಗ ನಾನು ಬಯಸುವುದೂ ಇಲ್ಲ. ಕೆಲಸವನ್ನು ಬಲ್ಲ ನಾಲ್ಕು ಜನ, ಕೈಯಳತೆಯ ದೂರದಲ್ಲಿ ಕುಳಿತವರು, ಅದನ್ನು ತಿಳಿದರೆ ಅಷ್ಟು ಸಾಕೆಂದು ನನಗೆ ಅನ್ನಿಸತೊಡಗಿದೆ. ಆಫೀಸಿನಲ್ಲಿ ಕೊರತೆಯಿದ್ದದ್ದು ಈ ನಾಲ್ಕು ಜನರದ್ದು. ಕೆಳಗೆ ಅಚ್ಚಾಗುವ ಹೆಸರಿಗೆ ಅಲ್ಲಿ ಕೊರತೆಯಿರಲಿಲ್ಲ.

ಇನ್ನೊಂದು ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ನಮ್ಮ ಕಡೆ ಇದನ್ನು ಮಾತನಾಡಲು ಯಾರಿಗೂ ಇಷ್ಟವಿಲ್ಲ, ಅದು ನನಗೆ ಅರ್ಥವಾಗುತ್ತದೆ: ನನ್ನ ಕಾಲೇಜಿನ ಫೀಸು, ಅಪ್ಪನ ಕಣ್ಣಿನ ಔಷಧ, ಅಜ್ಜಿಯ ಮನೆಯ ಹೆಂಚು ಎಲ್ಲವೂ ಅಡಿಕೆಯಿಂದ ಬಂದದ್ದು. ಆದರೆ ಈ ಕೆಲಸ ನನ್ನದೆಂದು ಹೇಳಿಕೊಳ್ಳುವವಳು, ಅದು ಅಂಗಳ ದಾಟಿದ ಮೇಲೆ ಏನಾಗುತ್ತದೆಂಬುದು ನನಗೆ ಸಂಬಂಧಿಸಿದ್ದಲ್ಲ ಎಂದು ಹೇಳಲು ಬರುವುದಿಲ್ಲ. ನಾನು ಕವಳ (ಎಲೆಯಡಿಕೆ) ಹಾಕುವುದನ್ನು ಬಿಟ್ಟಿದ್ದೇನೆ. ಕಳೆದ ಎರಡು ವರ್ಷಗಳಲ್ಲಿ ತೋಟದ ಮರಗಳಿಗೆ ಹೊಸದಾಗಿ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ, ತಗ್ಗಿನಲ್ಲಿ ಏಲಕ್ಕಿ ಹಾಕಿದ್ದೇನೆ. ಇದರಿಂದ ಆ ಪ್ರಶ್ನೆ ಮುಗಿಯುವುದಿಲ್ಲ. ಅಪ್ಪನೊಡನೆ ಇದನ್ನು ಒಮ್ಮೆ ಮಾತನಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮೆಣಸಿನ ಬಳ್ಳಿಗೆ ನೆರಳು ಸಾಕಾಗುತ್ತದೆಯೇ ಎಂದು ಕೇಳಿದರು.

ಎರಡನೆಯ ವರ್ಷದ ಕೊಯ್ಲಿನ ಹೊತ್ತಿಗೆ ನನ್ನ ಅಡಿಕೆಯಲ್ಲಿ ಜುಟ್ಟು ಕಡಿಮೆಯಾಯಿತು, ಮೂರನೆಯ ವರ್ಷ ಪೂರ್ತಿ ಹೋಯಿತು. ಅಜ್ಜಿ ಬುಟ್ಟಿಯಿಂದ ಒಂದನ್ನೆತ್ತಿ ತಿರುಗಿಸಿ ನೋಡಿ, ಏನೂ ಹೇಳದೆ ಮತ್ತೆ ಹಾಕಿದರು. ಅವರು ಏನೂ ಹೇಳದಿರುವುದೇ ದೊಡ್ಡ ಮೆಚ್ಚುಗೆ ಎಂದು ನನಗೆ ಗೊತ್ತಿತ್ತು. ಆದರೂ ಒಂದು ಅಳುಕು ಹುಟ್ಟಿತು. ನನ್ನನ್ನು ಗುರುತಿಸುತ್ತಿದ್ದುದು ಆ ತಪ್ಪಾಗಿದ್ದರೆ, ಕೆಲಸ ಕಲಿತಂತೆಲ್ಲ ನಾನು ಮತ್ತೆ ಅಳಿಸಿಹೋಗುತ್ತಿದ್ದೇನೆಯೇ? ನನ್ನ ಸಿಪ್ಪೆಯೂ ಈಗ ಎರಡು ಸಮನಾದ ಹೋಳಾಗಿ ಬೀಳುತ್ತಿತ್ತು, ಅಜ್ಜಿಯದರ ಪಕ್ಕದಲ್ಲಿಟ್ಟರೆ ನನಗೇ ಬೇರೆ ಮಾಡಲು ಆಗುತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಸಿಪ್ಪೆಯನ್ನು ಮುಟ್ಟಿ ನೋಡಿದರೆ ಏನು ಹೇಳಿಯಾರು ಎಂದು ಕಾದೆ. ಆ ವರ್ಷ ಅವರಿಗೆ ಕಣ್ಣು ಇನ್ನೂ ಮಂದವಾಗಿತ್ತು, ಮೊಣಕಾಲು ನೋಯುತ್ತಿತ್ತು. ಹೊಳ್ಳಿಗೆ ಬರುವುದನ್ನು ಬಿಟ್ಟು ಒಳಗಿನ ಕೋಣೆಯಲ್ಲಿ ಮಂಚದ ಮೇಲೆಯೇ ಮಲಗಿರುತ್ತಿದ್ದರು.

ಕಳೆದ ಕೊಯ್ಲಿನಲ್ಲಿ ಒಂದು ರಾತ್ರಿ ನಾವು ಐದು ಜನ ಸುಲಿಯಲು ಕುಳಿತಿದ್ದೆವು. ಅಜ್ಜಿಯ ಮೊಮ್ಮಗಳು ಕಾಲೇಜಿನ ರಜೆಗೆ ಬಂದವಳು ತಾನೂ ಸುಲಿಯುತ್ತೇನೆಂದು ಕತ್ತಿಯ ಮುಂದೆ ಕುಳಿತಿದ್ದಳು. ಅವಳಿಗೆ ಕೈ ತೋರಿಸುತ್ತ ನನ್ನ ಕೆಲಸ ಹಿಂದೆ ಬಿತ್ತು. ಮಧ್ಯೆ ಬೆರಳಿಗೆ ಸಣ್ಣ ಗಾಯವಾದ್ದರಿಂದ ಬಟ್ಟೆ ಸುತ್ತಿಕೊಂಡು ನಿಧಾನವಾಗಿ ಸುಲಿಯುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಯಾರೂ ಮಾತನಾಡುತ್ತಿರಲಿಲ್ಲ, ಐದು ಕತ್ತಿಗಳ ಕಚ್ ಕಚ್ ಸದ್ದು ಮಾತ್ರ ಇತ್ತು. ಅಪ್ಪ ನಿದ್ದೆ ಹೋಗಿದ್ದಾರೆಂದೇ ನಾನು ತಿಳಿದಿದ್ದೆ.

ಒಳಗಿನಿಂದ ಅಪ್ಪನ ದನಿ ಬಂತು: "ತಂಗೀ, ಕೈ ಕೊಯ್ಕಂಡ್ಯನೇ?"

ಅಜ್ಜಿ ತಲೆಯೆತ್ತಿ ನನ್ನ ಬೆರಳಿನ ಬಟ್ಟೆಯನ್ನು ನೋಡಿದರು. ನಾನು ಸಣ್ಣ ಗಾಯ, ಏನಿಲ್ಲ ಎಂದು ಕೂಗಿ ಹೇಳಿ, ಇನ್ನೊಂದು ಕಾಯಿಯನ್ನು ಎತ್ತಿಕೊಂಡೆ.